ಒಂಬತ್ತನೇ ದಿನ

ಪ್ರೀತಿಯ ಪುಟ್ಟಿಗೆ,

ಮೊನ್ನೆ ರಾತ್ರಿ ನೀನು ಫೋನಿಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಅಳಿಯಂದಿರ ಕುಡಿತದ ಮಾತು ಫೋನಿನಲ್ಲಾದರೆ ನೀನು ಅಳುತ್ತೀಯ, ನಾನೂ ಅಳುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮಗು ಮಲಗಿದ ಮೇಲೆ ಓದು.

ಕೌನ್ಸೆಲಿಂಗ್‌ಗೆ ಗಂಟೆಗೆ ಎರಡು ಸಾವಿರ ಕೇಳಿದರು, ಬಾಡಿಗೆ, ಸ್ಕೂಲ್ ಫೀಸ್ ಕಟ್ಟಿ ಇದಕ್ಕೆಲ್ಲಿಂದ ತರಲಿ ಅಂತ ನೀನು ಅಂದೆ. ಸರಿ. ಮಠ, ಚರ್ಚು, ದೇವಸ್ಥಾನದವರು ನಡೆಸುವ ಕಡೆ ಹೋದರೆ ಸುಮ್ನೆ ಭಜನೆ ಮಾಡಿಸಿ ಕಳಿಸುತ್ತಾರೆ ಅಂತಲೂ ಅಂದೆ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಿನ್ನ ದೊಡ್ಡಪ್ಪ ಕುಡಿಯುತ್ತಿದ್ದರು. ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆವು. ಎಂಟನೇ ಕ್ಲಾಸ್ ಮುಗಿಸಿ ಬೇಸಿಗೆ ರಜೆಗೆ ಬಂದಾಗ, ದೊಡ್ಡಪ್ಪ ಎಲ್ಲಿ ಅಂತ ನೀನು ಕೇಳಿದ್ದೆ. ಅಡಿಕೆ ವ್ಯಾಪಾರಕ್ಕೆ ಹೋಗಿದ್ದಾರೆ ಅಂತ ನಾನು ಅಂದಿದ್ದೆ. ಅವರು ಮೂರು ಕಿಲೋಮೀಟರ್ ಆಚೆ, ಕಲ್ಯಾಣ ಮಂಟಪದ ಮದ್ಯವರ್ಜನ ಶಿಬಿರದಲ್ಲಿದ್ದರು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುವಾದದ್ದು. ನಮ್ಮೂರ ಹೆಂಗಸರು ಸಂಘದ ಸಾಲ ಅನ್ನುತ್ತಾರಲ್ಲ, ಅದೇ. ಅವರ ಜನಜಾಗೃತಿ ವೇದಿಕೆ ಊರೂರಲ್ಲಿ ಈ ಶಿಬಿರ ಮಾಡುತ್ತದೆ, ಎಂಟು ದಿನ. ಊರಿನವರೇ ಸಮಿತಿ ಮಾಡಿಕೊಂಡು ಅಕ್ಕಿ, ಕಾಯಿ, ತರಕಾರಿ ಒಟ್ಟು ಹಾಕುತ್ತಾರೆ. ಹಾಗಾಗಿ ನಮ್ಮಂಥವರ ಕೈಗೆ ಎಟುಕುತ್ತದೆ. ಭಜನೆ ಇತ್ತು, ಯೋಗ ಇತ್ತು. ಆದರೆ ಜಾಸ್ತಿ ಹೊತ್ತು ಗುಂಪಾಗಿ ಕೂತು ಮಾತು.

ಮನೆಯವರನ್ನು ಕರೆಸಿದ ದಿನ ನಾನೂ ಹೋದೆ. ಸಾಲಾಗಿ ಚಾಪೆ. ಕಾಫಿ ಕೊಟ್ಟರು. ನಿನ್ನ ದೊಡ್ಡಪ್ಪನ ಕೈಯಲ್ಲಿ ಸ್ಟೀಲ್ ಲೋಟ ನಡುಗಿ ಕಾಫಿ ಪಂಚೆ ಮೇಲೆ ಚೆಲ್ಲಿತು. ಪಕ್ಕದಲ್ಲಿ ಗಾರೆ ಕೆಲಸದವನೊಬ್ಬ ಕೂತಿದ್ದ. ಏನೂ ಹೇಳದೆ ಲೋಟದ ತಳ ಹಿಡಿದುಕೊಂಡ. ಕುಡಿದು ಮುಗಿಸುವ ತನಕ ಬಿಡಲಿಲ್ಲ. ಅವನ ಕೈಯೂ ನಡುಗುತ್ತಿತ್ತು.

ಆ ನಡುಕವನ್ನು ಸಣ್ಣದು ಅಂದುಕೊಳ್ಳಬೇಡ. ದಿನಾ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ಅಳಿಯಂದಿರ ಹತ್ತಿರ ದೇವರ ಮುಂದೆ ಆಣೆ ಮಾಡಿಸಿ ನಾಳೆಯಿಂದಲೇ ಬಿಡಿಸಲು ಹೋಗಬೇಡ. ಮೊದಲು ಡಾಕ್ಟರು. ನಿಮ್ಹಾನ್ಸ್ ನಿಮ್ಮ ಊರಲ್ಲೇ ಇದೆ, ಅಲ್ವಾ? ಅಷ್ಟು ದೂರ ಹೋಗಲು ಮನಸ್ಸಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಒಂಬತ್ತನೇ ದಿನ ಮನೆಗೆ ಬಂದರು. ನಾನು ಶಾವಿಗೆ ಪಾಯಸ ಮಾಡಿದ್ದೆ. ಎಲ್ಲಾ ಮುಗಿಯಿತು ಅಂದುಕೊಂಡಿದ್ದೆ. ಸಂಜೆ ಆರೂವರೆಗೆ ಎದ್ದವರು ಅಂಗಳದಲ್ಲಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಆ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಉಳಿಸಿದ್ದು ನವಜೀವನ ಸಮಿತಿ, ಶಿಬಿರ ಮುಗಿಸಿದವರ ಗುಂಪು. ಆ ಗಾರೆಯವನೇ ಸಂಜೆ ಸೈಕಲ್ ಹತ್ತಿ ಬರುತ್ತಿದ್ದ. ನಾಲ್ಕು ತಿಂಗಳಿಗೆ ಒಂದು ಮದುವೆಯಲ್ಲಿ ದೊಡ್ಡಪ್ಪ ಮತ್ತೆ ಕುಡಿದರು. ಅವನು ಮತ್ತೆ ಬಂದ. ಆಮೇಲೆ ಮುಟ್ಟಿಲ್ಲ.

ನಾನು ಮಾತ್ರ ನನಗೋಸ್ಕರ ಎಲ್ಲಿಗೂ ಹೋಗಲಿಲ್ಲ. ಅದು ನನ್ನ ತಪ್ಪು. ಅವರು ಬಿಟ್ಟು ಎರಡು ವರ್ಷ ಆದ ಮೇಲೂ ಒಗೆಯುವ ಮುಂಚೆ ಅಂಗಿ ಮೂಸುತ್ತಿದ್ದೆ. ಜೇಬು ತಡಕುತ್ತಿದ್ದೆ. ಅವರಿಗೆ ವಾಸಿಯಾಯಿತು, ನನಗೆ ಆಗಲಿಲ್ಲ. ಕುಡಿಯುವವರ ಮನೆಯವರಿಗೇ ಅಂತ ಅಲ್-ಅನಾನ್ ಅನ್ನೋ ಗುಂಪು ಇದೆ, 1951ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, ಬೆಂಗಳೂರಿನಲ್ಲೂ ಸೇರುತ್ತಾರೆ. ಫೀಸ್ ಇಲ್ಲ. ದೇವರ ಮಾತು ಬರುತ್ತದೆ, ಆದರೆ ಯಾವ ದೇವರು ಅನ್ನೋದು ನಿನಗೆ ಬಿಟ್ಟದ್ದು. ಅಳಿಯಂದಿರು ಒಪ್ಪಲಿ ಬಿಡಲಿ, ನೀನು ಹೋಗು.

ಎಲ್ಲರೂ ಒಳ್ಳೆಯವರೇ ಅಂತಲೂ ಅಲ್ಲ. ಶಿಬಿರಕ್ಕೆ ಮುಂಚೆ ನಾನೊಂದು ಕಡೆ ಹೋಗಿದ್ದೆ, ಎಲ್ಲಿ ಅಂತ ಬೇಡ. ಅಲ್ಲಿನ ಹಿರಿಯರು ನನ್ನ ತೋಳಿನ ಕಲೆ ನೋಡಿದರು. ನೋಡಿಯೂ, ಕರ್ಮ ತಾಯೀ, ತಾಳಿಕೋ ಅಂದರು. ಮುಂದಿನ ವಾರ ನಾನು ಹೇಳಿದ್ದೆಲ್ಲ ನನ್ನ ಅತ್ತೆಯ ಕಿವಿ ಮುಟ್ಟಿತ್ತು! ಎಲ್ಲಿಗೆ ಹೋದರೂ ಮೊದಲೇ ಕೇಳು, ನಾನು ಹೇಳಿದ್ದು ಈ ಕೋಣೆಯಲ್ಲೇ ಇರುತ್ತದಾ, ಕೂತು ಮಾತಾಡುವವರು ಏನು ಓದಿಕೊಂಡಿದ್ದಾರೆ ಅಂತ. ಕೇಳಿದ್ದಕ್ಕೆ ಸಿಡುಕಿದರೆ ಚಪ್ಪಲಿ ಹಾಕಿಕೊಂಡು ಬಾ. ಮಾತ್ರೆ ಬಿಡಿ, ಪ್ರಾರ್ಥನೆ ಸಾಕು ಅಂದರೂ ಬಾ.

ನಿನ್ನ ಮೇಲೆ ಅಳಿಯಂದಿರು ಕೈ ಮಾಡಿದ್ದಾರಾ, ಇಲ್ಲವಾ? ನೀನು ಹೇಳಲಿಲ್ಲ. ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಮಾಡಿದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ಆಮೇಲಿನ ಮಾತು. ಆ ಹೊತ್ತಿಗೆ ತುರ್ತು ಸಹಾಯದ 112, ಇಲ್ಲವೇ ಮಹಿಳಾ ಸಹಾಯವಾಣಿ 181. ಮನೆಯೊಳಗಿನ ಹೊಡೆತಕ್ಕೂ 2005ರ ಕಾನೂನು ಇದೆ. ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರು ಪುಕ್ಕಟೆ, ಸಂಬಳ ಎಷ್ಟೇ ಇರಲಿ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇವೆ. ಹದಿನೈದು ದಿನ ಇರುತ್ತೇನೆ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಿ ಬಾ. ಹಲಸಿನ ಹಪ್ಪಳ ತರುತ್ತೇನೆ. ದೊಡ್ಡಪ್ಪನೂ ಹೊರಟಿದ್ದಾರೆ. ಬೆಂಗಳೂರು ಅಂದರೆ ಆಗದವರು, ಈ ಸಲ ತಾವಾಗಿಯೇ ಬರುತ್ತೇನೆ ಅಂದರು. ಅಳಿಯಂದಿರನ್ನು ದಿನಾ ಆರೂವರೆಗೆ ವಾಕಿಂಗ್‌ಗೆ ಕರೆದುಕೊಂಡು ಹೋಗುತ್ತಾರಂತೆ.

ಇಂತಿ,
ನಿನ್ನ ದೊಡ್ಡಮ್ಮ