ಒಂದು ವರ್ಷ ಆಯ್ತು, ಥ್ಯಾಂಕ್ಸ್ ಬಾಕಿ ಇತ್ತು

ಹೊಸ ಕೆಲಸಕ್ಕೆ ಸೇರಿ ನಿನ್ನೆಗೆ ಒಂದು ವರ್ಷ ತುಂಬ್ತು. 54ನೇ ವಯಸ್ಸಲ್ಲಿ ಕೆಲಸ ಹೋಗಿ ಎಂಟು ತಿಂಗಳು ಮನೇಲಿ ಕೂತಿದ್ದೆ, ಆಗ ಯಾರಾದ್ರೂ ‘ಈಗೇನ್ ಮಾಡ್ತಿದ್ದೀರಾ’ ಅಂತ ಕೇಳಿದ್ರೆ ಫೋನ್ ಬಂದಂಗೆ ಮಾಡಿ ಎದ್ದು ಹೋಗ್ತಿದ್ದೆ. ಇಲ್ಲಿ ಯಾರ ಹೆಸರೂ ಬರೆಯಲ್ಲ, ಓದಿದ್ರೆ ಅವರವರಿಗೇ ಗೊತ್ತಾಗತ್ತೆ.

ಮೊದ್ಲು ಮಗಳಿಗೆ. ಒಂದಿನ ರಾತ್ರಿ ‘ಅಪ್ಪ ಇದನ್ನ ನೋಡು’ ಅಂತ ದಿ ಇಂಟರ್ನ್ ಹಾಕಿದ್ಲು, 2015ರದ್ದು, ನ್ಯಾನ್ಸಿ ಮೈಯರ್ಸ್ ಬರೆದು ನಿರ್ದೇಶನ ಮಾಡಿದ ಸಿನಿಮಾ. 70 ವರ್ಷದ ಬೆನ್, ಅಂದ್ರೆ ರಾಬರ್ಟ್ ಡಿ ನಿರೋ, ಹೆಂಡತಿ ತೀರಿಕೊಂಡಿದಾಳೆ, ರಿಟೈರ್ ಆಗಿದಾನೆ, ಹೊತ್ತು ಹೋಗದೆ ಬ್ರೂಕ್ಲಿನ್‌ನಲ್ಲಿ ಆನ್‌ಲೈನ್ ಬಟ್ಟೆ ಮಾರೋ ಸ್ಟಾರ್ಟಪ್‌ಗೆ ಇಂಟರ್ನ್ ಆಗಿ ಸೇರ್ತಾನೆ, ಅದನ್ನ ಕಟ್ಟಿದ ಜೂಲ್ಸ್ ಪಾತ್ರ ಆ್ಯನ್ ಹ್ಯಾಥವೇದು. ಶುರುನಲ್ಲಿ ನಂಗೆ ಮೈ ಉರೀತು, ಸಿನಿಮಾ ತೋರ್ಸಿ ಬುದ್ಧಿ ಹೇಳೋಕೆ ಹೊರಟಿದಾಳಲ್ಲ ಅಂತ. ಆಮೇಲೆ ಅವನು ಸೂಟ್ ಹಾಕ್ಕೊಂಡು ಡೆಸ್ಕ್ ಮುಂದೆ ಕೂತು ಜೂಲ್ಸ್ ಈಮೇಲ್‌ಗೆ ಕಾಯ್ತಾನೆ ನೋಡಿ, ಬರೋದೇ ಇಲ್ಲ, ಅಲ್ಲಿಂದ ನಂಗೆ ಎದ್ದು ಹೋಗೋಕಾಗ್ಲಿಲ್ಲ. ಇನ್ನೊಂದೇನಂದ್ರೆ ಆ ಆಫೀಸಿರೋ ಬಿಲ್ಡಿಂಗಲ್ಲೇ ಹಿಂದೆ ಅವನು ಫೋನ್ ಡೈರೆಕ್ಟರಿ ಕಂಪನಿಗೆ ವರ್ಷಗಟ್ಲೆ ದುಡಿದಿರ್ತಾನೆ. ಫೋನ್ ಡೈರೆಕ್ಟರಿ! ಅದೇ ಗೋಡೆ, ಅದೇ ಕಿಟಕಿ, ಅವನು ಮಾಡ್ತಿದ್ದ ಕೆಲಸ ಮಾತ್ರ ಪ್ರಪಂಚದಲ್ಲೇ ಯಾರಿಗೂ ಬೇಡ. ನಾನು ಕನ್ನಡಕ ಒರೆಸ್ಕೊಂಡೆ, ಮಗಳು ನೋಡ್ಲಿಲ್ಲ ಅಂದ್ಕೊಂಡಿದೀನಿ.

ಮಾರನೇ ದಿನ ನನ್ನ ಐದು ಪುಟದ ರೆಸ್ಯೂಮೆನ ಒಂದು ಪುಟಕ್ಕೆ ಇಳಿಸಿದ್ಲು. ‘ಹವ್ಯಾಸ: ಓದುವುದು’ ಅನ್ನೋದನ್ನ ಅಳಿಸಿದ್ದಕ್ಕೆ ಅರ್ಧ ಗಂಟೆ ಜಗಳ ಆಡಿದ್ದೆ. ಸಾರಿ ಪುಟ್ಟಿ.

ಹೆಂಡತಿಗೆ ಥ್ಯಾಂಕ್ಸ್ ಅಂದ್ರೆ ನಗ್ತಾಳೆ. ಎಂಟು ತಿಂಗಳು ಅವಳ ಸಂಬಳದಲ್ಲೇ ಮನೆ ನಡೀತು, ಒಂದಿನಾನೂ ಆಡಿ ತೋರಿಸ್ಲಿಲ್ಲ. ಸಿನಿಮಾದಲ್ಲಿ ಜೂಲ್ಸ್ ಗಂಡನೂ ಕೆಲಸ ಬಿಟ್ಟು ಮನೆ, ಮಗು ನೋಡ್ಕೋತಾನೆ, ಅವನ ಕಥೆ ಎಲ್ಲಿಗೆ ಹೋಗತ್ತೆ ಅಂತ ಹೇಳಲ್ಲ, ನೋಡದವ್ರು ಇರ್ತೀರ. ನಾನಂತೂ ಬಟ್ಟೆ ಒಣಗ್ಸೋದು ಬಿಟ್ರೆ ಇನ್ನೇನೂ ಕಿಸೀಲಿಲ್ಲ.

ಸಿನಿಮಾ ಮೇಲೆ ಒಂದು ತಕರಾರಿದೆ. ಬೆನ್ ತಪ್ಪೇ ಮಾಡಲ್ಲ ಕಣ್ರೀ, ಜೇಬಲ್ಲಿ ಸದಾ ಕರ್ಚೀಫು, ಯಾರಿಗೆ ಕಷ್ಟ ಬಂದ್ರೂ ಅವನ ಹತ್ರ ಉತ್ತರ ರೆಡಿ. ನನ್ನ ಕಥೆ ಪೂರ್ತಿ ಉಲ್ಟಾ. ಟೀಮ್ ಚಾಟಲ್ಲಿ ಪ್ರತಿ ಮೆಸೇಜಿನ ಕೆಳಗೂ ‘ಇಂತಿ ತಮ್ಮ ವಿಶ್ವಾಸಿ’ ಅಂತ ಬರೀತಿದ್ದೆ, ಹುಡುಗ್ರು ಒಂದು ವಾರ ಸುಮ್ನಿದ್ದು ಆಮೇಲೆ ಅವರೂ ಹಂಗೇ ಬರೆಯೋಕೆ ಶುರು ಮಾಡಿದ್ರು. ಮೂರನೇ ತಿಂಗಳು ಕ್ಲೈಂಟ್‌ಗೆ ಹಳೇ ಫೈಲ್ ಕಳಿಸ್ಬಿಟ್ಟೆ. ನನ್ನ ಮ್ಯಾನೇಜರ್‌ಗೆ 29 ವರ್ಷ, ಮಗಳಿಗಿಂತ ಮೂರೇ ವರ್ಷ ದೊಡ್ಡೋಳು. ಇವತ್ತು ಕೆಲಸ ಹೋಯ್ತು ಅಂತ ಬ್ಯಾಗ್ ಕೂಡ ಪ್ಯಾಕ್ ಮಾಡಿಟ್ಕೊಂಡಿದ್ದೆ, ಆಯಮ್ಮ ಎಲ್ರೂ ಹೋಗೋವರೆಗೂ ಕಾದು, ಕುರ್ಚಿ ಎಳ್ಕೊಂಡು ಬಂದು ಪಕ್ಕ ಕೂತು, ಫೈಲ್‌ಗೆ ಹೆಸರು ಹೆಂಗಿಡ್ಬೇಕು, ಹಳೇದನ್ನ ಎಲ್ಲಿ ಎತ್ತಿಡ್ಬೇಕು ಅಂತ ಒಂದೊಂದಾಗಿ ತೋರ್ಸಿ, ‘ನಂಗೂ ಆಗಿತ್ತು ಸರ್’ ಅಂದು ಹೋದ್ಲು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಹಿಂದಿನ ಕೆಲಸದಲ್ಲಿ ನಾನು ಮ್ಯಾನೇಜರ್ ಆಗಿದ್ದಾಗ ಇದೇ ತಪ್ಪಿಗೆ ಒಬ್ಬ ಹುಡುಗನ್ನ ಎಲ್ಲರೆದುರು ನಿಲ್ಸಿ ಬೈದಿದ್ದೆ, ಅವನ ಕಿವಿ ಕೆಂಪಾಗಿದ್ದು ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ. ಅವನ ನಂಬರ್ ಹುಡುಕಿ ಫೋನ್ ಮಾಡ್ದೆ. ‘ಅಯ್ಯೋ ಬಿಡಿ ಸರ್’ ಅಂದ. ಮರೆತಿದೀನಿ ಅಂತ ಮಾತ್ರ ಅನ್ಲಿಲ್ಲ. ಫೋನ್ ಎತ್ತಿದ್ದಕ್ಕೆ ನಿಂಗೂ ಥ್ಯಾಂಕ್ಸ್ ಕಣಪ್ಪ.

ಟೀಮಿನ ಹುಡುಗ್ರೇ, ನಿಮಗೆ ಬೇರೆ ಬರೀಬೇಕಿತ್ತು, ಉದ್ದ ಆಯ್ತು. ಅಂದಹಾಗೆ ಶುಕ್ರವಾರದಿಂದ ಆ ಶೀಟ್ ಯಾರಿಗೂ ಓಪನ್ ಆಗ್ತಿಲ್ವಲ್ಲ, ಪಾಸ್‌ವರ್ಡ್ ಹಾಕಿದ್ದು ನಾನೇ. ಸೋಮವಾರ ಬೇಗ ಬಂದು ತೆಗೀತೀನಿ.

ಇಂತಿ ತಮ್ಮ ವಿಶ್ವಾಸಿ