ಯಾರಿಗೆಲ್ಲ ಮುಖ ತಪ್ಪಿಸಿ ಓಡಾಡಿದ್ದೆನೋ ಅವರಿಗೆ

ಹೋದ ಶುಕ್ರವಾರ ಸಂಜೆ ಮೈಸೂರಿನ ಅಶೋಕ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಸೇಠ್ ತಮ್ಮ ಕೆಂಪು ರಟ್ಟಿನ ಲೆಕ್ಕದ ಪುಸ್ತಕ ತೆಗೆದರು. ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದೇ ಹಾಳೆ ತಿರುವಿದರು. ನನ್ನ ಪುಟ ಬಂತು. ನಾನು ಎಣಿಸಿಟ್ಟ 9,500 ರೂಪಾಯಿಯನ್ನು ಅವರು ಮತ್ತೆ ಎಣಿಸಲಿಲ್ಲ. ಗಲ್ಲಾಕ್ಕೆ ಹಾಕಿ, ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ಅಷ್ಟೇ. 2020ರ ಫೆಬ್ರವರಿಯಲ್ಲಿ 3,80,000 ರೂಪಾಯಿ ಬಾಕಿಯಿಂದ ಶುರುವಾಗಿದ್ದ ಪುಟ ಅದು.

ಈ ಸುದ್ದಿ ಯಾರಿಗೆ ಹೇಳಲಿ ಅಂತ ಮನೆಗೆ ಬಂದು ಯೋಚಿಸಿದೆ. ನೆನಪಾದವರೆಲ್ಲ ಒಂದು ಕಾಲದಲ್ಲಿ ನಾನು ಮುಖ ತಪ್ಪಿಸಿ ಓಡಾಡಿದ್ದವರೇ. ಆಗ ಹೇಳಬೇಕಿದ್ದ ಥ್ಯಾಂಕ್ಸ್ ಹೇಳಲಿಲ್ಲ, ಎದುರಿಗೇ ಹೋಗದೆ ಇದ್ದರೆ ಹೇಗೆ ಹೇಳೋದು? ಅದಕ್ಕೇ ಈಗ ಬರೆಯುತ್ತಿದ್ದೇನೆ. ಹೆಸರು ಹಾಕಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತೆ.

ನಮ್ಮದು ಕ್ಯಾತಮಾರನಹಳ್ಳಿಯಲ್ಲಿ ಬಾಡಿಗೆ ಮನೆಯ ಹಾಲ್‌ನಲ್ಲಿ ನಡೆಯುವ ಹೊಲಿಗೆ ಯೂನಿಟ್. ಎಂಟು ಮಷಿನ್, ಅಂಚು ಹೊಲಿಯೋಕೆ ಒಂದು ಓವರ್‌ಲಾಕ್, ಕತ್ತರಿಸೋಕೆ ಒಂದು ಉದ್ದನೆ ಮೇಜು. ಶಾಲೆ ಯೂನಿಫಾರಂ ಹೊಲಿಯುತ್ತೇವೆ. ಇದು ವರ್ಷಕ್ಕೆ ಒಂದೇ ಬೆಳೆ ಇದ್ದ ಹಾಗೆ. ಫೆಬ್ರವರಿಯಿಂದ ಮೇ ತನಕ ಹಗಲು ರಾತ್ರಿ ಹೊಲಿಯಬೇಕು, ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ದುಡ್ಡು ಕಾಣಬೇಕು. ಆ ವರ್ಷ ಒಂದು ಖಾಸಗಿ ಶಾಲೆಯಿಂದ ಸಾವಿರ ಜೊತೆ ಆರ್ಡರ್ ಸಿಕ್ಕಿತ್ತು. ಮರೂನ್ ಮತ್ತು ಬೂದಿ ಬಣ್ಣದ ಚೌಕಳಿ. ಸೇಠ್ ಮಿಲ್ಲಿಗೆ ಹೇಳಿ ಆ ಶಾಲೆಗೆ ಅಂತಲೇ ತರಿಸಿಕೊಟ್ಟ ಬಟ್ಟೆ. ನನ್ನ ಹತ್ತಿರ ಬರಹದಲ್ಲಿ ಒಂದು ಚೀಟಿಯೂ ಇರಲಿಲ್ಲ. ಎಲ್ಲಾ ಬಾಯಿಮಾತು.

ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಏಪ್ರಿಲ್‌ಗೆ ಮೈಸೂರು ಜಿಲ್ಲೆ ರೆಡ್ ಝೋನ್. ಅಷ್ಟು ಹೊತ್ತಿಗೆ 310 ಜೊತೆ ಹೊಲಿದಾಗಿತ್ತು. ಉಳಿದ ಥಾನುಗಳು ಗೋಡೆಗೆ ಒರಗಿ ನಿಂತಿದ್ದವು. ಶಾಲೆಯವರು "ತೆರೆದಾಗ ನೋಡೋಣ" ಅಂದರು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಕ್ಕಳು ಶಾಲೆಗೆ ವಾಪಸ್ ಹೋಗಿದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಆ ಶಾಲೆ ಯೂನಿಫಾರಂ ಬಣ್ಣವನ್ನೇ ಬದಲಾಯಿಸಿತ್ತು. ಬೈದುಕೊಂಡೆ, ತುಂಬಾ ಬೈದುಕೊಂಡೆ. ಅಲ್ಲಿನ ಟೀಚರ್‌ಗಳಿಗೂ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಬೇರೆ ಬಟ್ಟೆಯಾಗಿದ್ದರೆ ಅರ್ಧ ರೇಟಿಗಾದರೂ ಮಾರಬಹುದಿತ್ತು. ಒಂದು ಶಾಲೆಯ ಚೌಕಳಿಯನ್ನು ಇನ್ನೊಬ್ಬರು ಯಾಕೆ ತಗೋತಾರೆ? ಅದರಲ್ಲಿ ಅಂಗಿ ಹೊಲಿಸಿಕೊಂಡು ಮದುವೆಗೆ ಹೋಗೋಕಾಗುತ್ತಾ?

ಆಗ ಶುರುವಾಯಿತು ನನ್ನ ಕಣ್ಣುಮುಚ್ಚಾಲೆ. ಫೋನ್ ರಿಂಗಾದರೆ ಎದೆ ಡವಡವ. ಓಡಾಟಕ್ಕೆ ಬಿಟ್ಟ ಮೇಲೂ ಮಾರ್ಕೆಟ್‌ಗೆ ಹೋಗಬೇಕಾದರೆ ಅಶೋಕ ರಸ್ತೆ ಬಿಟ್ಟು ಸಯ್ಯಾಜಿ ರಾವ್ ರಸ್ತೆ ಕಡೆಯಿಂದ ಸುತ್ತಿ ಹೋಗುತ್ತಿದ್ದೆ. ಐದು ತಿಂಗಳು ಹೀಗೇ ನಡೆಯಿತು.

ಸಿಕ್ಕಿಬಿದ್ದಿದ್ದು ಚಿಕ್ಕ ಗಡಿಯಾರದ ಹತ್ತಿರ. ಸೇಠ್ ಹೂವು ಕೊಳ್ಳುತ್ತಾ ನಿಂತಿದ್ದರು. ನಾನು ಮಾಸ್ಕ್ ಹಾಕಿದ್ದೆ, ತಲೆ ಮೇಲೆ ಸೆರಗು ಬೇರೆ. ಗುರುತು ಸಿಗಲ್ಲ ಅನ್ನೋ ಧೈರ್ಯದಲ್ಲಿ ಪಕ್ಕದಲ್ಲೇ ಹಾದುಹೋದೆ. "ಏನಮ್ಮಾ" ಅಂತ ಹಿಂದಿನಿಂದ ಕೂಗಿದರು. ಹೇಗೆ ಗೊತ್ತಾಯಿತು ಅಂದರೆ, ನನ್ನ ಮುಖದ ಮೇಲಿದ್ದ ಮಾಸ್ಕ್ ಅದೇ ಮರೂನ್ ಚೌಕಳಿಯದ್ದು! ನಲವತ್ತು ವರ್ಷ ಬಟ್ಟೆ ಮಾರಿದವರು ಮನುಷ್ಯರನ್ನ ಮರೆತರೂ ಬಟ್ಟೆ ಮರೀತಾರಾ?

ನೆಲ ನೋಡುತ್ತಾ ನಿಂತೆ. ಬೈಗುಳ ಬರುತ್ತೆ ಅಂತ ಕಾಯುತ್ತಿದ್ದೆ. ಅವರು ಕೈಯಲ್ಲಿದ್ದ ಹೂವಿನ ಪೊಟ್ಟಣವನ್ನು ಇನ್ನೊಂದು ಕೈಗೆ ದಾಟಿಸಿ, ನನ್ನ ಮಾಸ್ಕನ್ನೇ ಕಣ್ಣು ಕಿರಿದು ಮಾಡಿ ನೋಡಿದರು. "ಇದರಲ್ಲಿ ಪಾಲಿಯೆಸ್ಟರ್ ಜಾಸ್ತಿ ಕಣಮ್ಮಾ. ಉಸಿರು ಕಟ್ಟುತ್ತೆ. ಇದರಲ್ಲಿ ಯಾರಾದ್ರೂ ಮಾಸ್ಕ್ ಹೊಲೀತಾರಾ?" ಅಂದರು. ನಾನು ಆಗಲೇ ಮನೆಯಲ್ಲೇ ಇನ್ನೂರು ಹೊಲಿದಿದ್ದೆ. ಹನ್ನೊಂದು ಮಾರಿತ್ತು. ಅದರಲ್ಲೂ ನಾಲ್ಕು ವಾಪಸ್ ಬಂದಿತ್ತು.

ಅಂಗಡಿಗೆ ಕರೆದುಕೊಂಡು ಹೋಗಿ ಎರಡು ಥಾನು ಬಿಳಿ ಕಾಟನ್ ಕೊಟ್ಟರು. ಅದೂ ಸಾಲವೇ, ಅದೇ ಪುಟದಲ್ಲೇ ಬರೆದರು. "ಬಾಕಿ ಇಟ್ಟೋರು ಅಂಗಡಿಗೆ ಬರ್ತಾ ಇದ್ರೆ ನನಗೆ ಭಯ ಇಲ್ಲ. ಬರೋದು ನಿಲ್ಲಿಸಿದ್ರೇನೇ ರಾತ್ರಿ ನಿದ್ದೆ ಬರಲ್ಲ. ಮೊದಲು ಬ್ಯಾಂಕಿಂದು ಮುಗಿಸು, ಆಮೇಲೆ ನಂದು" ಅಂದರು. ಅವರೂ ಮಿಲ್ಲಿಗೆ ಕೊಡಬೇಕಿತ್ತು, ಅವರಿಗೂ ಫೋನ್ ಬರುತ್ತಿತ್ತು ಅನ್ನೋದು ನನ್ನ ತಲೆಗೇ ಹೊಳೆದಿರಲಿಲ್ಲ. ಹಳೇ ಬಾಕಿಗೆ ಒಂದು ರೂಪಾಯಿ ಬಡ್ಡಿ ಹಾಕಲಿಲ್ಲ. ಹಾಗಂತ ದೇವರ ಪಟ್ಟ ಕಟ್ಟೋದು ಬೇಡ, ಆ ಕಾಟನ್ ಮೇಲೆ ಮೀಟರ್‌ಗೆ ಎರಡು ರೂಪಾಯಿ ಜಾಸ್ತಿ ಹಿಡಿದಿದ್ದರು. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಸೇಠ್‌ಜಿ, ಥ್ಯಾಂಕ್ಸ್.

ಇನ್ನು ಬ್ಯಾಂಕಿನ ಹುಡುಗಿ. ನಂದು ನಾಲ್ಕು ಲಕ್ಷದ ಮುದ್ರಾ ಸಾಲ, ಚಿಕ್ಕ ಉದ್ಯಮಗಳಿಗೆ ಅಂತ ಸರ್ಕಾರದ ಯೋಜನೆಯಲ್ಲಿ ಸಿಗೋದು, ಅದರಲ್ಲಿ ಕಿಶೋರ್ ಅನ್ನೋ ಹಂತದ್ದು. ಇದಕ್ಕೂ ಮೊದಲು ಬೇರೆ ಕಡೆ ಕೇಳೋಕೆ ಹೋದಾಗ "ಯಜಮಾನ್ರನ್ನ ಕರ್ಕೊಂಡ್ ಬನ್ನಿ" ಅಂದಿದ್ದರು. ಹೊಲಿಯೋದು ನಾನು, ಲೆಕ್ಕ ಇಡೋದು ನಾನು, ಯಜಮಾನ್ರು ಬಂದು ಏನು ಹೇಳ್ತಾರೆ? ಈ ಹುಡುಗಿ ಹಾಗಲ್ಲ. ರಿಸರ್ವ್ ಬ್ಯಾಂಕ್ ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ ಕೊನೆ ತನಕ ಕಂತಿಗೆ ವಿನಾಯಿತಿ ಕೊಟ್ಟಿತ್ತು. ನಾನು ಅದನ್ನು ಮಾಫಿ ಅಂದುಕೊಂಡು ಖುಷಿಯಲ್ಲಿದ್ದೆ. ಅವಳು ಚಲನ್ ಹಿಂದೆ ಪೆನ್ನಲ್ಲಿ ಬರೆದು ತೋರಿಸಿದಳು: ಕಂತು ನಿಂತಿದೆ, ಬಡ್ಡಿ ನಿಂತಿಲ್ಲ, ಅದು ಅಸಲಿನ ಮೇಲೆ ಕೂತ್ಕೊಳ್ತಾ ಇದೆ. ಕಣ್ಣಿಗೆ ಕತ್ತಲೆ ಬಂತು. ಆದರೆ ಅವಳೇ ಇನ್ನೊಂದು ದಾರಿಯನ್ನೂ ಹೇಳಿದಳು. ಚಿಕ್ಕ ಉದ್ಯಮಗಳಿಗೆ ಸರ್ಕಾರದ ಖಾತರಿ ಮೇಲೆ, 2020ರ ಫೆಬ್ರವರಿ ಕೊನೆಗೆ ಎಷ್ಟು ಸಾಲ ಬಾಕಿ ಇತ್ತೋ ಅದರ ಶೇಕಡಾ 20ರಷ್ಟು ಹೊಸ ಸಾಲ ಸಿಗುತ್ತೆ, ಬೇರೆ ಅಡಮಾನ ಬೇಡ, ಮೊದಲ ವರ್ಷ ಅಸಲು ಕಟ್ಟೋದು ಬೇಡ ಅಂತ. ಇಸಿಎಲ್‌ಜಿಎಸ್ ಅಂತ ಅದರ ಹೆಸರು. ಇವತ್ತಿಗೂ ನನಗೆ ಒಂದೇ ಉಸಿರಲ್ಲಿ ಹೇಳೋಕೆ ಬರಲ್ಲ. 64,000 ಸಿಕ್ಕಿತು. ಆ ಹುಡುಗಿಗೆ ಈಗ ಬೇರೆ ಊರಿಗೆ ವರ್ಗ ಆಗಿದೆಯಂತೆ. ಅಲ್ಲೂ ಚಲನ್ ಹಿಂದೆ ಬರೀತಾ ಇರು ತಾಯಿ.

ಆ 64,000ದಲ್ಲಿ ಮೊದಲು ತೀರಿಸಿದ್ದು ನಮ್ಮಲ್ಲಿ ಹೊಲಿಯೋ ಹುಡುಗಿಯರ ಕೂಲಿ. ಇಲ್ಲಿ ಒಂದು ವಿಷಯ ನೇರವಾಗಿ ಹೇಳಿಬಿಡಬೇಕು. ಉದ್ಯಮ ಅಂದ ತಕ್ಷಣ ಎಲ್ಲರೂ ಮಾಲೀಕರ ಧೈರ್ಯ, ಮಾಲೀಕರ ರಿಸ್ಕ್ ಅಂತಲೇ ಮಾತಾಡ್ತಾರೆ. ನಾನು ಸೋತರೆ ನನ್ನ ಸಾಲ ಉಳಿಯುತ್ತೆ ಸರಿ. ಪೀಸ್ ರೇಟ್‌ನಲ್ಲಿ ಹೊಲಿದವಳ ಮಾರ್ಚ್ ತಿಂಗಳ ಕೂಲಿ ನಾನು ಕೊಡದೆ ಹೋದರೆ, ಅವಳು ನನ್ನ ಉದ್ಯಮಕ್ಕೆ ಕೇಳದೇ ಬಂಡವಾಳ ಹಾಕಿದ ಹಾಗಲ್ವಾ? ಒಬ್ಬಳು ಜೂನ್‌ನಲ್ಲಿ ಗೇಟಿನ ಮುಂದೆ ನಿಂತು ಬೀದಿಗೆಲ್ಲ ಕೇಳೋ ಹಾಗೆ ಬೈದಳು. 2,300 ರೂಪಾಯಿ ಬಾಕಿ ಇತ್ತು. ನಾನು ಒಳಗಿದ್ದೂ ಬಾಗಿಲು ತೆಗೆಯಲಿಲ್ಲ. ಆಮೇಲೆ ದುಡ್ಡು ಕೊಟ್ಟು ಕ್ಷಮೆ ಕೇಳಿದೆ. ದುಡ್ಡು ತಗೊಂಡಳು, ಕ್ಷಮೆ ತಗೊಳ್ಳಲಿಲ್ಲ. ಇವತ್ತಿಗೂ ರಸ್ತೆಯಲ್ಲಿ ಸಿಕ್ಕರೆ ಮಾತಾಡಲ್ಲ. ಅವಳು ಮಾಡಿದ್ದು ಸರಿ. ಅವತ್ತಿನಿಂದ ಶನಿವಾರ ಬಂತು ಅಂದರೆ ಮೊದಲು ಕೂಲಿ, ಉಳಿದಿದ್ದೆಲ್ಲ ಆಮೇಲೆ. ಈ ಕಟ್ಟುನಿಟ್ಟು ಅವಳಿಂದ ಬಂದಿದ್ದು. ಅವಳಿಗೂ ಥ್ಯಾಂಕ್ಸ್, ಓದದೇ ಇದ್ದರೂ.

ಗುಂಡಿಗೆ ಕಾಜಾ ಹೊಲಿಯೋ ನಮ್ಮ ಕಾಜಾ ಅಕ್ಕನ ವಿಷಯ ನನಗೆ ಗೊತ್ತಾಗಿದ್ದೇ ತಡವಾಗಿ. ಲಾಕ್‌ಡೌನ್‌ನಲ್ಲಿ ನಾನು ಯೂನಿಟ್ ಕಡೆ ತಲೆ ಹಾಕುತ್ತಿರಲಿಲ್ಲ, ಆ ಥಾನುಗಳನ್ನು ನೋಡೋಕೆ ಆಗುತ್ತಿರಲಿಲ್ಲ. ಬೀಗದ ಕೈ ಒಂದು ಅವರ ಹತ್ತಿರ ಇತ್ತು. ಎರಡು ಬೀದಿ ಆಚೆ ಅವರ ಮನೆ. ವಾರಕ್ಕೊಂದು ಸಲ ಬಂದು, ಕಸ ಗುಡಿಸಿ, ಎಂಟೂ ಮಷಿನ್‌ಗೆ ಎಣ್ಣೆ ಬಿಟ್ಟು, ಚೂರು ಬಟ್ಟೆ ಇಟ್ಟು ಐದೈದು ನಿಮಿಷ ಓಡಿಸಿ ಹೋಗುತ್ತಿದ್ದರಂತೆ. ಮಷಿನ್ ಸುಮ್ನೆ ನಿಂತರೆ ಎಣ್ಣೆ ಅಂಟಂಟಾಗಿ ಹಿಡಿದುಕೊಳ್ಳುತ್ತೆ, ಇಲಿ ಬೆಲ್ಟ್ ಕಡಿಯುತ್ತೆ. ಕಾಟನ್ ಥಾನು ಹೊತ್ತು ತಂದು ಬಾಗಿಲು ತೆಗೆದಾಗ ಒಂದು ಮಷಿನ್ ಕೂಡ ಕಿರ್ ಅನ್ನಲಿಲ್ಲ. ಪ್ರತಿ ಮಷಿನ್ ಪಕ್ಕ ಒಂದೊಂದು ಚೂರು ಬಟ್ಟೆ ಮಡಿಸಿ ಇಟ್ಟಿತ್ತು, ಅದರ ಮೇಲೆ ಸಾಲು ಸಾಲು ನೇರ ಹೊಲಿಗೆ. ಎಣಿಸಿದರೆ ಎಷ್ಟು ವಾರ ಬಂದಿದ್ದರು ಅಂತ ಲೆಕ್ಕ ಸಿಗುತ್ತಿತ್ತು. ಯಾಕಕ್ಕಾ ಹೇಳಲಿಲ್ಲ ಅಂದರೆ, "ನೀನು ಫೋನ್ ಎತ್ತಿದ್ರೆ ತಾನೇ?" ಅಂದರು.

ಕಟಿಂಗ್ ಮಾಸ್ಟರ್ ಚಾಚಾ ಚೌಕಳಿಗೆ ದಾರಿ ಹುಡುಕಿದರು. ಹೊಲಿದ 310 ಜೊತೆಯನ್ನು ಬಿಚ್ಚೋದು ಅಂದಾಗ ಅವರು ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು, ತಾನು ಕತ್ತರಿಸಿದ್ದನ್ನು ಬಿಚ್ಚೋದು ನೋಡೋಕಾಗಲ್ಲ ಅಂತ. ವಾಪಸ್ ಬಂದವರು ಪೇಪರ್ ಮೇಲೆ ಸಂತೆ ಚೀಲದ ಅಳತೆ ಹಾಕಿ ತೋರಿಸಿದರು. ಗಟ್ಟಿ ಬಟ್ಟೆ, ಹತ್ತು ಕೆಜಿ ಆಲೂಗಡ್ಡೆ ಹೊರುತ್ತೆ. ನಮ್ಮನೆಯವರು ಗೂಡ್ಸ್ ಆಟೋದಲ್ಲಿ ಬಂಡೀಪಾಳ್ಯ ಎಪಿಎಂಸಿಯಿಂದ ತರಕಾರಿ ಹೊಡೆಯುತ್ತಿದ್ದರು. ಅಲ್ಲಿನ ವ್ಯಾಪಾರಿಗಳಿಗೆ ತೋರಿಸಿ, ಒಂದಕ್ಕೆ 40 ರೂಪಾಯಿ ಹಾಗೆ ಚೀಲ ಮಾರಿದ್ದು ಅವರೇ. ಅವರ ಬಗ್ಗೆ ಇಷ್ಟಕ್ಕಿಂತ ಜಾಸ್ತಿ ಬರೆದರೆ ಮನೆಯಲ್ಲಿ ಬೈಸಿಕೊಳ್ಳಬೇಕು.

ಓನರ್ ಅಜ್ಜಿ ಆರು ತಿಂಗಳ ಅರ್ಧ ಬಾಡಿಗೆ ಬಿಟ್ಟುಕೊಟ್ಟರು, ಬದಲಿಗೆ ಹದಿನೇಳು ರವಿಕೆ ಹೊಲಿಸಿಕೊಂಡರು. ಹದಿನೇಳೂ ಬಿಗಿ ಅಂತ ಈಗಲೂ ಹೇಳ್ತಾರೆ.

ನಾದಿನಿಯ ವಿಷಯ ಬರೆಯೋದು ಕಷ್ಟ. ಅವಳ ಎರಡೆಳೆ ಸರ ಅಡ ಇಟ್ಟಿದ್ದೆ, ಆರು ತಿಂಗಳಲ್ಲಿ ಬಿಡಿಸಿಕೊಡ್ತೀನಿ ಅಂತ ಹೇಳಿ. ಎರಡು ವರ್ಷ ಆಯಿತು. ನಡುವೆ ಅವಳ ಓರಗಿತ್ತಿ ಮಗಳ ಮದುವೆ ಬಂತು. ಛತ್ರದಲ್ಲಿ ಅವಳು ರೋಲ್ಡ್‌ಗೋಲ್ಡ್ ಸರ ಹಾಕಿಕೊಂಡು ಓಡಾಡುತ್ತಿದ್ದಳು, ಮೇಲಿಂದ ಸೆರಗು ಎಳೆದುಕೊಂಡು. ಊಟದ ಪಂಕ್ತಿಯಲ್ಲಿ ಯಾರೋ ಕೇಳಿದರು. "ಕಳ್ಳರ ಕಾಟ, ಒರಿಜಿನಲ್ ಲಾಕರ್‌ನಲ್ಲಿದೆ" ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಎಲೆಯಲ್ಲಿ ಒಬ್ಬಟ್ಟಿತ್ತು, ಗಂಟಲಲ್ಲಿ ಇಳಿಯಲಿಲ್ಲ. ಸರ ಬಿಡಿಸಿಕೊಂಡು ಹೋಗಿ ಕೊಟ್ಟ ದಿನ ಅವಳು ಮೊದಲು ಕೇಳಿದ್ದು, "ಊಟ ಆಯ್ತಾ ಅತ್ತಿಗೆ?"

ಮತ್ತೆ ಕೆಲಸ ಕುದುರಿದ್ದು ಹೇಗೆ ಗೊತ್ತಾ? ಶಾಲೆ ಮುಚ್ಚಿದ್ದ ಒಂದೂವರೆ ವರ್ಷದಲ್ಲಿ ಮಕ್ಕಳೆಲ್ಲ ಉದ್ದ ಆಗಿದ್ದರು. ಅಕ್ಟೋಬರ್‌ನಲ್ಲಿ ಬಾಗಿಲು ತೆರೆದಾಗ ಯಾರಿಗೂ ಹಳೇ ಯೂನಿಫಾರಂ ಹಿಡಿಸುತ್ತಿರಲಿಲ್ಲ. ದಸರಾ ಮುಗಿಯುತ್ತಿದ್ದ ಹಾಗೆ ಮೂರು ಶಾಲೆಯಿಂದ ಕರೆ ಬಂತು. ಆ ಮಕ್ಕಳಿಗೂ ಥ್ಯಾಂಕ್ಸ್, ಬೆಳೆದಿದ್ದಕ್ಕೆ. ಈಗ ಚಿಕ್ಕ ಉದ್ಯಮಗಳಿಗೆ ಸರ್ಕಾರ ಮಾಡೋ ಉದ್ಯಮ್ ನೋಂದಣಿ ಮಾಡಿಸಿದ್ದೇನೆ. ಆರ್ಡರ್ ಬರಹದಲ್ಲಿ ಇಲ್ಲದೆ ಕತ್ತರಿ ಮುಟ್ಟಲ್ಲ. ನಮ್ಮಂಥ ಚಿಕ್ಕವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರಿಂದಲೂ ಕಾಯ್ದೆ ಇದೆಯಂತೆ. ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತಾ?

ಹೋದ ಶುಕ್ರವಾರ ಗೆರೆ ಎಳೆದ ಮೇಲೆ ಸೇಠ್ ಪುಸ್ತಕ ಮುಚ್ಚಲಿಲ್ಲ. "ಸೀಸನ್‌ಗೆ ಬಟ್ಟೆ ಬೇಕಲ್ವಾ? ಕೆಳಗಡೆ ಇನ್ನೂ ಜಾಗ ಇದೆ, ಇದೇ ಪುಟದಲ್ಲಿ ಬರೀಲಾ?" ಅಂದರು. ಬೇಡ, ಹೊಸ ಪುಟ ಹಾಕಿ ಅಂದೆ.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಯೂನಿಟ್‌ನಲ್ಲಿ ಉಪ್ಪಿಟ್ಟು, ಕೇಸರಿಬಾತ್, ಕಾಫಿ. ಮೇಲೆ ಬರೆದವರೆಲ್ಲ ಬರಲೇಬೇಕು. ಬಾಗಿಲಿಗೆ ಮರೂನ್ ಚೌಕಳಿ ಪರದೆ ಇರೋ ಮನೆ, ಹುಡುಕೋದು ಕಷ್ಟ ಇಲ್ಲ. ಹೋಗುವಾಗ ಒಬ್ಬೊಬ್ಬರಿಗೆ ಒಂದೊಂದು ಸಂತೆ ಚೀಲ ಕೊಡ್ತೀನಿ. ಬೇರೆ ಬಣ್ಣ ಇದೆಯಾ ಅಂತ ಮಾತ್ರ ಕೇಳಬೇಡಿ.