ರಬ್ಬರ್ ಬದಿಗಿಟ್ಟು ಎರಡು ನಿಮಿಷ ಬರೆಸಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತು. ನಮ್ಮ ಮೈಸೂರಿನಲ್ಲಿ ರಸ್ತೆಗೊಂದು ಚಿತ್ರಕಲಾ ಶಿಬಿರದ ಬೋರ್ಡ್ ಕಾಣುತ್ತಿದೆ, ಸಂತೋಷ. ಆದರೆ ಮೊನ್ನೆ ಪಕ್ಕದ ಮನೆಯ ಹುಡುಗಿ ಶಿಬಿರದಲ್ಲಿ ಬರೆದ ನವಿಲನ್ನು ತಂದು ತೋರಿಸಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಮೊಬೈಲ್ ನೋಡಿಕೊಂಡು ಮೂರು ದಿನ ಬರೆದಿದ್ದಾಳೆ. ಅಳಿಸಿ ಅಳಿಸಿ ಹಾಳೆ ಒಂದು ಕಡೆ ತೂತು ಬೀಳುವ ಹಾಗಾಗಿದೆ. ನವಿಲು ಚೆನ್ನಾಗಿಯೇ ಇದೆ. ‘ಅಲ್ಲಿ ಅಮ್ಮ ಬಟ್ಟೆ ಒಣಗಿಸ್ತಿದ್ದಾರಲ್ಲ, ಅವರನ್ನ ಬರಿ ನೋಡೋಣ’ ಅಂದೆ. ‘ಅವರು ಅಲ್ಲಾಡ್ತಾರೆ ಅಂಕಲ್, ಆಗಲ್ಲ’ ಅಂದಳು.

ನಾನು ಕಲಿತದ್ದೂ ಹೀಗೇ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಎರಡೂ ಪಾಸಾಗಿದ್ದೆ. ಹೂಜಿ, ಲೋಟ, ದಾಸವಾಳ ಬರುತ್ತಿದ್ದವು. ನಡೆದಾಡುವ ಮನುಷ್ಯ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಹಿರಿಯ ಕಲಾವಿದರೊಬ್ಬರು ಹೇಳಿದರು: ಒಂದು ಬಾಲ್‌ಪೆನ್ನು, ರದ್ದಿ ಹಾಳೆ ತಗೊಂಡು ದೇವರಾಜ ಮಾರ್ಕೆಟ್ಟಿಗೆ ಹೋಗಿ ಕೂತ್ಕೊ, ಮೊಬೈಲ್‌ನಲ್ಲಿ ಒಂದು ನಿಮಿಷದ ಟೈಮರ್ ಇಟ್ಕೊ, ಅದು ಕೂಗಿದ ತಕ್ಷಣ ಹಾಳೆ ತಿರುಗಿಸು.

ಅಲ್ಲಿ ಮಲ್ಲಿಗೆ ಕಟ್ಟುವ ಅಜ್ಜಿಯೊಬ್ಬರು ಕೂತಿರುತ್ತಿದ್ದರು. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ, ಬಾಗಿ, ಸರಸರ ಕಟ್ಟುತ್ತಿದ್ದರು. ಮೊದಲ ವಾರ ನಾನು ಮುಖದಿಂದಲೇ ಶುರು ಮಾಡಿದೆ. ಒಂದು ಕಣ್ಣು, ಅರ್ಧ ಮೂಗು ಆಗುವಷ್ಟರಲ್ಲಿ ಟೈಮರ್ ಕೂಗುತ್ತಿತ್ತು. ಇಪ್ಪತ್ತು ಹಾಳೆ, ಇಪ್ಪತ್ತು ಮೂಗು, ಅಜ್ಜಿ ಒಂದರಲ್ಲೂ ಇಲ್ಲ. ಆಮೇಲೆ ಒಂದು ದಿನ ಕತ್ತಿನ ಹಿಂಭಾಗದಿಂದ ಬೆನ್ನಿಗೆ ಒಂದು ಗೆರೆ ಇಳಿಸಿದೆ. ಇನ್ನೊಂದು ಗೆರೆ ಭುಜದಿಂದ ಬೆರಳಿಗೆ, ಅಲ್ಲಿಂದ ದಾರದ ಜೊತೆಗೇ ಹೆಬ್ಬೆರಳಿಗೆ. ಕಣ್ಣು ಮೂಗು ಏನೂ ಇಲ್ಲ. ಆದರೂ ಪಕ್ಕದ ಅಂಗಡಿಯವರು ಬಗ್ಗಿ ನೋಡಿ ‘ನಮ್ಮಜ್ಜಿ ಅಲ್ವಾ’ ಅಂದರು!

ಸಮಯ ಕಡಿಮೆ ಇದ್ದರೆ ಯಾವುದು ಮುಖ್ಯ ಅಂತ ಕಣ್ಣೇ ಆರಿಸಬೇಕಾಗುತ್ತದೆ. ಭಾರ ಯಾವ ಕಾಲಿನ ಮೇಲಿದೆ, ಸೊಂಟ ಎತ್ತ ವಾಲಿದೆ, ಕತ್ತು ಎಷ್ಟು ಬಗ್ಗಿದೆ, ಇದು ಸಿಕ್ಕರೆ ಉಳಿದದ್ದು ತಾನಾಗಿ ಬಂದು ಕೂರುತ್ತದೆ. ಇದೇನೂ ಹೊಸ ವಿದ್ಯೆ ಅಲ್ಲ. ನ್ಯೂಯಾರ್ಕಿನಲ್ಲಿ ಕಿಮೊನ್ ನಿಕೊಲೈಡೀಸ್ ಎಂಬ ಮೇಷ್ಟ್ರು 1930ರ ದಶಕದಲ್ಲೇ ಒಂದು ನಿಮಿಷದ ಭಂಗಿಗಳನ್ನು ಬರೆಸುತ್ತಿದ್ದರು. ಅಷ್ಟು ದೂರ ಯಾಕೆ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ನಮ್ಮ ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡಿ. ನಾಲ್ಕೈದು ಗೆರೆಯಲ್ಲಿ ಕುಣಿಯುವವರು ನಿಜವಾಗಿ ಕುಣಿಯುತ್ತಾರೆ. ಲಯ ಹಿಡಿಯಬೇಕೆಂದು ಅವರು ಸ್ವತಃ ಕಥಕ್ ಕಲಿತಿದ್ದರು.

ನಿಧಾನವಾಗಿ ಬರೆಯುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಬರೀ ಅವಸರದ ಗೀಚಾಟವೇ ಅಭ್ಯಾಸವಾದರೆ ಕೈ ಸಡಿಲವಾಗುತ್ತದೆ, ಒಂದು ಗೆರೆ ಬೇಕಾದಲ್ಲಿ ಹತ್ತು ಗೆರೆ ಕೆರೆಯುತ್ತೇವೆ. ನಾನು ದಿನಾ ಬೆಳಿಗ್ಗೆ ಅರ್ಧ ನಿಮಿಷದ್ದು ಹತ್ತು, ಎರಡು ನಿಮಿಷದ್ದು ಐದು ಬರೆಯುತ್ತೇನೆ. ಭಾನುವಾರ ಒಂದೇ ಚಿತ್ರಕ್ಕೆ ಒಂದು ಗಂಟೆ ಕೊಡುತ್ತೇನೆ. ಯಾವುದನ್ನೂ ಹರಿದು ಎಸೆಯುವುದಿಲ್ಲ, ಮೂಲೆಯಲ್ಲಿ ತಾರೀಖು ಹಾಕಿ ಇಡುತ್ತೇನೆ. ಮೂರು ತಿಂಗಳ ಹಿಂದಿನದು ತೆಗೆದು ನೋಡಿದರೆ ಕೈ ಎಷ್ಟು ಸುಧಾರಿಸಿದೆ ಅಂತ ಯಾರೂ ಹೇಳಬೇಕಿಲ್ಲ.

ಶಿಬಿರ ನಡೆಸುವವರಲ್ಲಿ, ಶಾಲೆಯ ಚಿತ್ರಕಲಾ ಶಿಕ್ಷಕರಲ್ಲಿ ನನ್ನದೊಂದು ಕೇಳಿಕೆ. ನವಿಲು, ಸೂರ್ಯೋದಯ ಇರಲಿ. ಅದಕ್ಕೆ ಮುಂಚೆ ಹತ್ತು ನಿಮಿಷ ರಬ್ಬರ್ ವಾಪಸ್ ಇಸಿದುಕೊಳ್ಳಿ. ಒಬ್ಬ ಹುಡುಗ ಬ್ಯಾಗು ಹೊತ್ತು ನಿಲ್ಲಲಿ, ಒಬ್ಬಳು ಬಾಲ್ ಎಸೆಯುವ ಹಾಗೆ ಕೈ ಎತ್ತಲಿ, ಉಳಿದವರು ಬರೆಯಲಿ, ಎರಡು ನಿಮಿಷಕ್ಕೆ ಸರದಿ ಬದಲಾಗಲಿ. ಮೊದಮೊದಲು ಚಿತ್ರಗಳು ಸೊಟ್ಟಗಿರುತ್ತವೆ. ಅಪ್ಪ ಅಮ್ಮಂದಿರು ಅದನ್ನು ನೋಡಿ ಫೀಸು ದಂಡ ಅಂದುಕೊಳ್ಳದಿರಲಿ, ಮಕ್ಕಳು ಕೇಳಿದಾಗ ಮನೆಯಲ್ಲೂ ಸುಮ್ನೆ ಎರಡು ನಿಮಿಷ ಹಾಗೇ ನಿಂತುಕೊಡಲಿ.

– ಚಿತ್ರಕಲಾ ಆಸಕ್ತ, ಮೈಸೂರು